ಕಾರವಾರದಿಂದ ಇಬ್ಬರು ಸಚಿವರಿಗೆ: ರಕ್ಷಣೆಯ ಹಣ ಯಾರ ಮನೆ ಸೇರುತ್ತಿದೆ?

ಇವರಿಗೆ,
ಮಾನ್ಯ ರಕ್ಷಣಾ ಸಚಿವರು ಹಾಗೂ ಮಾನ್ಯ ಹಣಕಾಸು ಸಚಿವರು,
ಭಾರತ ಸರ್ಕಾರ, ನವದೆಹಲಿ.

ವಿಷಯ: ರಕ್ಷಣೆಗೆ ಖರ್ಚಾಗುವ ಹಣದಲ್ಲಿ ಯಾರಿಗೆ ಎಷ್ಟು ಸೇರುತ್ತಿದೆ ಎಂಬ ಲೆಕ್ಕವನ್ನು ಜನರ ಮುಂದೆ ಇಡುವ ಕುರಿತು.

ಮಾನ್ಯರೇ,

ನಾನು ಕಾರವಾರದಲ್ಲಿ ಪಿಗ್ಮಿ ಏಜೆಂಟ್. 26 ವರ್ಷದಿಂದ ಇದೇ ಕೆಲಸ. ಬೆಳಿಗ್ಗೆ ಮೀನು ಮಾರ್ಕೆಟ್ಟಿನಲ್ಲಿ ಶುರು ಮಾಡುತ್ತೇನೆ. ಆಮೇಲೆ ಬಿಣಗಾ, ಅರ್ಗಾ, ಚೆಂಡಿಯಾ, ಅಮದಳ್ಳಿ, ತೋಡೂರು ಅಂತ ಹೆದ್ದಾರಿ ಹಿಡಿದು ಹೋಗುತ್ತೇನೆ. ಒಬ್ಬರು 20 ರೂಪಾಯಿ ಕೊಡುತ್ತಾರೆ, ಒಬ್ಬರು 500 ಕೊಡುತ್ತಾರೆ. ಕೈಯಲ್ಲಿರುವ ಪುಟ್ಟ ಮಷಿನ್‌ನಿಂದ ರಸೀದಿ ಹರಿದು ಕೊಟ್ಟು ಮುಂದಿನ ಮನೆಗೆ ಹೋಗುತ್ತೇನೆ. ದಿನಾ ಕೂಡಿಡುವ ಈ ಪದ್ಧತಿ ಹುಟ್ಟಿದ್ದೇ ನಮ್ಮ ಕರಾವಳಿಯಲ್ಲಿ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೊತ್ತಿಲ್ಲದವರ ಬ್ಯಾಂಕು ಇದು.

ಈ ಕೆಲಸದಲ್ಲಿ ಒಂದು ಸಂಗತಿ ಚೆನ್ನಾಗಿ ಗೊತ್ತಾಗುತ್ತದೆ. ಯಾರ ಮನೆಯ ಗಳಿಕೆ ಏರುತ್ತಿದೆ, ಯಾರದ್ದು ಇಳಿಯುತ್ತಿದೆ ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಪಾಸ್‌ಬುಕ್ಕೇ ಹೇಳುತ್ತದೆ.

ಎರಡು ಪಾಸ್‌ಬುಕ್‌ಗಳ ಬಗ್ಗೆ ಹೇಳುತ್ತೇನೆ. ಮೊದಲನೆಯದು ಮೀನು ಮಾರುವ ಒಬ್ಬ ಅಕ್ಕನದು. ಅವರ ಮನೆಯವರು ಒಂದು ಕಾಲದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು, ಆಮೇಲೆ ಪಾತಿ ದೋಣಿಯಲ್ಲಿ ಹೋಗುತ್ತಿದ್ದರು. ನಾನು ಕೆಲಸಕ್ಕೆ ಸೇರಿದಾಗ ಆಕೆ ದಿನಕ್ಕೆ 30 ರೂಪಾಯಿ ಕಟ್ಟುತ್ತಿದ್ದರು. ಇವತ್ತೂ 30 ರೂಪಾಯಿ. ಮಳೆಗಾಲದ ಎರಡು ತಿಂಗಳು ಅದೂ ಇಲ್ಲ. 26 ವರ್ಷದಲ್ಲಿ ಅಕ್ಕಿಗೆ, ಎಣ್ಣೆಗೆ, ಐಸಿಗೆ ಎಷ್ಟು ರೇಟು ಏರಿತು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಎರಡನೆಯ ಪಾಸ್‌ಬುಕ್ ಹೆದ್ದಾರಿ ಬದಿಯ ಒಂದು ಅಂಗಡಿಯದು. ಸಿಮೆಂಟು, ಕಬ್ಬಿಣ, ಪೈಪು ಮಾರುತ್ತಾರೆ. 50 ರೂಪಾಯಿಯಿಂದ ಶುರು ಮಾಡಿದವರು ಈಗ ದಿನಕ್ಕೆ 1,000 ಕಟ್ಟುತ್ತಾರೆ. ಅವರು ಕಷ್ಟಪಟ್ಟು ದುಡಿದವರು, ಅವರ ಮೇಲೆ ನನಗೆ ಒಂದಿಷ್ಟೂ ಬೇಜಾರಿಲ್ಲ. ಆದರೆ ಎರಡೂ ಪಾಸ್‌ಬುಕ್ ಒಂದೇ ರಸ್ತೆಯವು. ಆ ರಸ್ತೆಯ ಮೇಲೇ ದೇಶದ ಅತಿ ದೊಡ್ಡ ನೌಕಾನೆಲೆ ಕಟ್ಟುವ ಕೆಲಸ ನಡೆಯುತ್ತಿದೆ.

ಒಂದು ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಇದು ನೌಕಾಪಡೆಯ ವಿರುದ್ಧ ಬರೆದ ಪತ್ರ ಅಲ್ಲ. 2025ರ ಮೇ ತಿಂಗಳಲ್ಲಿ ದೇಶದಲ್ಲಿ ಯುದ್ಧದ ಆತಂಕ ಇದ್ದಾಗ, ಅಣಕು ಕಾರ್ಯಾಚರಣೆಗೆ ಆರಿಸಿದ ಊರುಗಳಲ್ಲಿ ನಮ್ಮ ಕಾರವಾರವೂ ಇತ್ತು. ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುಸ್ಥಾವರ. ರಕ್ಷಣೆ ಎಂದರೆ ಏನೆಂದು ನಮಗೆ ಗೊತ್ತು. ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಮ್ಯೂಸಿಯಂ ಹತ್ತಿರ ಮೇಜರ್ ರಾಮಾ ರಾಘೋಬಾ ರಾಣೆ ಅವರ ಪ್ರತಿಮೆ ಇದೆ. ಪರಮವೀರ ಚಕ್ರವನ್ನು ಜೀವಂತ ಇರುವಾಗಲೇ ಪಡೆದ ಮೊದಲ ಯೋಧ. ನಮ್ಮ ಚೆಂಡಿಯಾದವರು. ಪೊಲೀಸ್ ಪೇದೆಯೊಬ್ಬರ ಮಗ. 1940ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ, 1947ರ ಕೊನೆಗೆ ಅಧಿಕಾರಿಯಾದರು. 1948ರ ಏಪ್ರಿಲ್‌ನಲ್ಲಿ ರಜೌರಿ ದಾರಿಯಲ್ಲಿ ಗುಂಡಿನ ಸುರಿಮಳೆಯ ನಡುವೆ ನೆಲಬಾಂಬುಗಳನ್ನು ತೆಗೆದು, ಮರ ಸರಿಸಿ, ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ನನ್ನ ಮಕ್ಕಳನ್ನು ಚಿಕ್ಕವರಿದ್ದಾಗ ಆ ಪ್ರತಿಮೆಯ ಮುಂದೆ ನಿಲ್ಲಿಸಿ ಈ ಕಥೆ ಹೇಳಿದ್ದೇನೆ.

ಈ ಕಥೆಯ ಒಂದು ಭಾಗ ಇತ್ತೀಚೆಗೆ ನನ್ನನ್ನು ಜಾಸ್ತಿ ಕಾಡುತ್ತಿದೆ. ಪೇದೆಯ ಮಗ ಸಿಪಾಯಿಯಾಗಿ ಸೇರಿ ಅಧಿಕಾರಿಯಾದ ಭಾಗ. ಸೈನ್ಯ ಅವರಿಗೆ ಏಣಿಯಾಗಿತ್ತು. ನಮ್ಮ ಕರಾವಳಿಯ ಎಷ್ಟೋ ಬಡವರ ಮನೆಗೆ ಸೈನ್ಯದ ಸಂಬಳ, ಆಮೇಲೆ ಪಿಂಚಣಿ ಬಂದು, ಅದರಿಂದ ಹೆಂಚಿನ ಮನೆ ಎದ್ದು, ಮಕ್ಕಳು ಕಾಲೇಜು ಕಂಡಿದ್ದಾರೆ. ಅಂದರೆ ರಕ್ಷಣೆಗೆ ಹಾಕಿದ ಹಣ ಬಡವರನ್ನು ಮೇಲೆತ್ತಬಲ್ಲದು. ಆ ಏಣಿ ಈಗಲೂ ಇದೆಯಾ, ಅದರ ಮೆಟ್ಟಿಲು ಯಾರ ಕೈಗೆ ಎಟುಕುತ್ತದೆ ಎಂಬುದೇ ನನ್ನ ಪ್ರಶ್ನೆ.

ನನ್ನ ಮಗಳು ಧಾರವಾಡದಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದಾಳೆ. ಈ ಪ್ರಶ್ನೆಯನ್ನು ಅವಳ ಮುಂದೆ ಇಟ್ಟೆ. ಪಂಡಿತರಲ್ಲೇ ಒಮ್ಮತ ಇಲ್ಲ ಎಂದಳು. ಹಮೀದ್ ಅಲಿ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಹಲವು ದೇಶಗಳ ಅಂಕಿ ಇಟ್ಟುಕೊಂಡು, ಮಿಲಿಟರಿ ಖರ್ಚು ಹೆಚ್ಚಿದಂತೆ ಅಸಮಾನತೆಯೂ ಹೆಚ್ಚುತ್ತದೆ ಎಂದರು. ಎರಡು ವರ್ಷದ ನಂತರ ಅವರೇ ಎರಿಕ್ ಲಿನ್ ಜೊತೆ ಸೇರಿ 58 ದೇಶಗಳನ್ನು ಬೇರೆ ರೀತಿಯಲ್ಲಿ ನೋಡಿದರು. ಒಂದರಿಂದ ಇನ್ನೊಂದು ಆಗುತ್ತದೆ ಎನ್ನಲು ಆಧಾರ ಸಿಗಲಿಲ್ಲ ಎಂದು ಬರೆದರು. ಅವರ ಪ್ರಾಮಾಣಿಕತೆ ನನಗೆ ಹಿಡಿಸಿತು. ಆದರೆ ನನಗೆ ದಾರಿ ತೋರಿಸಿದ್ದು ಮೂರನೆಯದು. ಜೆಫ್ರಿ ಕೆಂಟರ್, ಆಂಡ್ರ್ಯೂ ಜೋರ್ಗೆನ್ಸನ್, ಎಡ್ವರ್ಡ್ ಕಿಕ್ ಎಂಬ ಮೂವರು ಸಮಾಜಶಾಸ್ತ್ರಜ್ಞರು 2012ರಲ್ಲಿ ಕೇಳಿದ ಪ್ರಶ್ನೆಯೇ ಬೇರೆ. ಒಟ್ಟು ಎಷ್ಟು ಖರ್ಚು ಅಂತ ಅವರು ನೋಡಲಿಲ್ಲ, ಒಬ್ಬೊಬ್ಬ ಸೈನಿಕನಿಗೆ ಎಷ್ಟು ಖರ್ಚು ಅಂತ ನೋಡಿದರು. ಆ ಖರ್ಚು ಏರಿದಂತೆ, ಅಂದರೆ ಸೈನ್ಯ ಜನರಿಗಿಂತ ಯಂತ್ರಗಳ ಮೇಲೆ ಜಾಸ್ತಿ ನಿಂತಂತೆ, ಅಸಮಾನತೆ ಹೆಚ್ಚುತ್ತದೆ ಎಂಬುದು ಅವರಿಗೆ ಕಂಡಿತು.

ಇದನ್ನು ಕೇಳಿದಾಗ ನನಗೆ ನಮ್ಮ ರಸ್ತೆ ಕಣ್ಣ ಮುಂದೆ ಬಂತು. ಸಂಬಳಕ್ಕೆ ಹೋದ ಹಣ ಸಾವಿರಾರು ಮನೆಗೆ ಹಂಚಿಹೋಗುತ್ತದೆ. ಯಂತ್ರಕ್ಕೆ, ಕಾಂಕ್ರೀಟಿಗೆ ಹೋದ ಹಣ ಮೊದಲು ದೊಡ್ಡ ಕಂಪನಿಗೆ, ಅಲ್ಲಿಂದ ಗುತ್ತಿಗೆದಾರನಿಗೆ, ಅಲ್ಲಿಂದ ಉಪಗುತ್ತಿಗೆದಾರನಿಗೆ ಇಳಿದು, ಕೊನೆಗೆ ಕೂಲಿಯವನ ಕೈಗೆ ಬರುವಾಗ ಅದರಲ್ಲಿ ಎಷ್ಟು ಉಳಿದಿರುತ್ತದೆ?

ಲೆಕ್ಕಕ್ಕೆ ಬರೋಣ. 2025-26ರ ಬಜೆಟ್ಟಿನಲ್ಲಿ ರಕ್ಷಣಾ ಸಚಿವಾಲಯಕ್ಕೆ ಇಟ್ಟಿದ್ದು 6.81 ಲಕ್ಷ ಕೋಟಿ ರೂಪಾಯಿ. ಇಡೀ ಬಜೆಟ್ಟಿನ 13 ಶೇಕಡಾಕ್ಕಿಂತ ಜಾಸ್ತಿ. ಅದೇ ವರ್ಷ ಆರೋಗ್ಯ ಸಚಿವಾಲಯಕ್ಕೆ ಸುಮಾರು 1 ಲಕ್ಷ ಕೋಟಿ, ಉದ್ಯೋಗ ಖಾತ್ರಿಗೆ 86 ಸಾವಿರ ಕೋಟಿ. ದಿನದ ಲೆಕ್ಕ ಹಾಕುವುದು ನನ್ನ ಅಭ್ಯಾಸ. 365ರಿಂದ ಭಾಗಿಸಿದೆ. ದಿನಕ್ಕೆ ಸುಮಾರು 1,866 ಕೋಟಿ. 140 ಕೋಟಿ ಜನರ ತಲೆಗೆ ಹಂಚಿದರೆ ಒಬ್ಬರಿಗೆ ದಿನಕ್ಕೆ 13 ರೂಪಾಯಿ. ಐದು ಜನರ ಮನೆ ಅಂದರೆ ದಿನಾ 65 ರೂಪಾಯಿಯ ಪಿಗ್ಮಿ. ಮೇಲೆ ಹೇಳಿದ ಅಕ್ಕ ತನ್ನ ಮಗಳ ಮದುವೆಗೆಂದು ಕೂಡಿಡುವುದರ ಎರಡು ಪಟ್ಟು.

ಈ ಹಣ ಎಲ್ಲರಿಂದ ಸಮನಾಗಿ ಬರುವುದಿಲ್ಲ ಎಂದು ನನಗೆ ಗೊತ್ತು. ಆದಾಯ ತೆರಿಗೆ ಕಟ್ಟುವವರು ಹೆಚ್ಚು ಕೊಡುತ್ತಾರೆ. ಆದರೆ ಆ ಅಕ್ಕನೂ ಕೊಡುತ್ತಾಳೆ. ಮೊಬೈಲ್ ರೀಚಾರ್ಜಿಗೆ 18 ಶೇಕಡಾ ಜಿಎಸ್‌ಟಿ. ಟೆಂಪೋದ ಬಾಡಿಗೆಯಲ್ಲಿ ಡೀಸೆಲ್ಲಿನ ಸುಂಕ. ಇನ್ನೊಂದು ಕಡೆ, 2015ರಲ್ಲಿ ಸಂಪತ್ತಿನ ತೆರಿಗೆಯನ್ನೇ ತೆಗೆದಿರಿ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ಮೂಲ ತೆರಿಗೆ ದರವನ್ನು 30ರಿಂದ 22 ಶೇಕಡಾಕ್ಕೆ ಇಳಿಸಿದಿರಿ. ರಕ್ಷಣೆಯ ಖರ್ಚು ಬಡವ ಬಲ್ಲಿದರ ಅಂತರ ಹೆಚ್ಚಿಸುತ್ತದೆಯೋ ಇಲ್ಲವೋ ಎಂದು ನೋಡುವಾಗ, ಹಣ ಎಲ್ಲಿಗೆ ಹೋಯಿತು ಎಂಬುದರ ಜೊತೆ ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ಹಣಕಾಸು ಸಚಿವರನ್ನೂ ಸೇರಿಸಿ ಈ ಪತ್ರ ಬರೆದದ್ದು ಅದಕ್ಕೇ.

ಭಾರತದಲ್ಲಿ ಅಸಮಾನತೆ ಕಡಿಮೆ ಎಂದು ಸರ್ಕಾರ ಹೇಳುತ್ತದೆ. ವಿಶ್ವ ಬ್ಯಾಂಕಿನ ಅಂಕಿ ತೋರಿಸುತ್ತದೆ. ಆ ಅಂಕಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಅದು ಮನೆಯ ಬಳಕೆಯ ಖರ್ಚಿನ ಲೆಕ್ಕ, ಗಳಿಕೆಯದಲ್ಲ. ನಮ್ಮ ರಸ್ತೆಯಲ್ಲಿ ಸಿಮೆಂಟ್ ಅಂಗಡಿಯವರೂ ಬಂಗಡೆ ಸಾರು ಉಣ್ಣುತ್ತಾರೆ, ಮೀನಿನ ಅಕ್ಕನೂ ಬಂಗಡೆ ಸಾರು ಉಣ್ಣುತ್ತಾಳೆ. ತಟ್ಟೆ ನೋಡಿದರೆ ಇಬ್ಬರೂ ಒಂದೇ. ಪಾಸ್‌ಬುಕ್ ನೋಡಿದರೆ ಅಲ್ಲ. ಗಳಿಕೆಯ ಲೆಕ್ಕ ಹಾಕಿದ ವರ್ಲ್ಡ್ ಇನೀಕ್ವಾಲಿಟಿ ಲ್ಯಾಬ್ ಎಂಬ ಸಂಶೋಧನಾ ಸಂಸ್ಥೆ 2024ರಲ್ಲಿ ಹೇಳಿದ್ದು ಬೇರೆಯೇ: 2022-23ರಲ್ಲಿ ದೇಶದ ಒಟ್ಟು ಆದಾಯದ 22.6 ಶೇಕಡಾ ಮೇಲಿನ ನೂರಕ್ಕೆ ಒಬ್ಬರ ಕೈಯಲ್ಲಿತ್ತು.

ಇನ್ನು ನೆಲದ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಈ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರ್‌ನಲ್ಲಿ ಆಗಿನ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲಾ ತಾಲ್ಲೂಕುಗಳ 11 ಸಾವಿರ ಎಕರೆಗೂ ಹೆಚ್ಚು ಜಾಗ ಅದಕ್ಕೆ ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ನೆಲ ಬಿಟ್ಟು ಎದ್ದವು. ಹಾಲಕ್ಕಿ ಒಕ್ಕಲಿಗರು, ಕೋಮಾರಪಂತರು, ಹರಿಕಂತ್ರರು, ಖಾರ್ವಿಗಳು. ಮೇಜರ್ ರಾಣೆಯವರ ಚೆಂಡಿಯಾದ ಜಾಗವೂ ಅದರಲ್ಲಿ ಸೇರಿತು. ಪರಿಹಾರ ಕಡಿಮೆಯಾಯಿತೆಂದು ಜನ ಕೋರ್ಟಿಗೆ ಹೋದರು, ಕೋರ್ಟು ಹೆಚ್ಚಿಸಿತು, ಆದರೆ ಅದು ಕೈಗೆ ಬರುವಷ್ಟರಲ್ಲಿ ಎಷ್ಟೋ ಮನೆಯ ಯಜಮಾನರು ತೀರಿಹೋಗಿದ್ದರು.

ಹಾಗೆ ಎದ್ದವರಿಗೆ ಮಾಡಿದ ಒಂದು ಸೀಬರ್ಡ್ ಕಾಲೊನಿಯಲ್ಲಿ ನನ್ನ ಪಿಗ್ಮಿ ಕಟ್ಟುವ ಒಬ್ಬರು ಅಜ್ಜಿ ಇದ್ದಾರೆ. ಒಂದು ದಿನ ಒಳಗೆ ಹೋಗಿ ಹಳೇ ಸೀರೆಯಲ್ಲಿ ಸುತ್ತಿದ ಗಂಟು ತಂದರು. ಬಿಚ್ಚಿದರೆ ಕಾಗದ. ಅಂಚು ಗೆದ್ದಲು ತಿಂದಿತ್ತು. ಮೇಲೇ ಇದ್ದದ್ದು ಭೂನ್ಯಾಯಮಂಡಳಿ ಕೊಟ್ಟ ಫಾರಂ 10. 1974ರ ಭೂಸುಧಾರಣೆ ಬಂದ ಮೇಲೆ ಅವರ ಮಾವನವರಿಗೆ ಸಿಕ್ಕಿದ್ದು. ಅಲ್ಲಿಯವರೆಗೆ ಮೂರು ತಲೆಮಾರು ಗೇಣಿಗೆ ಉತ್ತವರು ಅಂದು ಗದ್ದೆಯ ಮಾಲೀಕರಾದರು. ಅದರ ಕೆಳಗೇ ಭೂಸ್ವಾಧೀನದ ನೋಟಿಸು. ಎರಡೂ ಕಾಗದದ ನಡುವೆ ಹತ್ತು ಹನ್ನೊಂದು ವರ್ಷ. ಅಜ್ಜಿಗೆ ಓದಲು ಬರುವುದಿಲ್ಲ. ಆದರೆ ಯಾವ ಕಾಗದ ಯಾವುದು ಅಂತ ಮುಟ್ಟಿ ಹೇಳುತ್ತಾರೆ. ಮೊದಲನೆಯದರ ಮೇಲೆ ಕೈಯಿಟ್ಟು, "ಇದು ಬಂದ ದಿನ ಮನೇಲಿ ಪಾಯಸ ಮಾಡಿದ್ವಿ" ಎಂದರು.

ಅಂಕೋಲಾ ಸೀಮೆ 1930ರ ಉಪ್ಪಿನ ಸತ್ಯಾಗ್ರಹ, ಆಮೇಲಿನ ಕರನಿರಾಕರಣೆ ಕಂಡದ್ದು. ದೇಶಕ್ಕೆಂದು ಜಮೀನು ಕಳೆದುಕೊಂಡ ರೈತರ ಮನೆಗಳು ಅಲ್ಲಿ ಇವೆ. ದಿನಕರ ದೇಸಾಯಿಯವರು ರೈತರನ್ನು ಕಟ್ಟಿ ಗೇಣಿಯ ವಿರುದ್ಧ ಹೋರಾಡಿದ ಜಿಲ್ಲೆ ಇದು. ಅಷ್ಟೆಲ್ಲ ಆದ ಮೇಲೆ ಕೈಗೆ ಬಂದ ನೆಲವನ್ನು ಮತ್ತೆ ದೇಶಕ್ಕೆ ಬಿಟ್ಟುಕೊಟ್ಟವರು ಇವರು. ಕಾಳಿ ನದಿಯ ಅಣೆಕಟ್ಟುಗಳಿಗೆ, ಕೈಗಾಕ್ಕೆ, ರೈಲಿಗೆ, ಹೆದ್ದಾರಿಗೆ ಕೊಟ್ಟದ್ದು ಬೇರೆ.

ಮಗಳು ಇನ್ನೊಂದು ಮಾತು ಹೇಳಿದಳು. ದಕ್ಷಿಣ ಕೊರಿಯಾ, ತೈವಾನ್ ಎರಡೂ ದಶಕಗಟ್ಟಲೆ ಸೈನ್ಯಕ್ಕೆ ವಿಪರೀತ ಖರ್ಚು ಮಾಡಿದವು. ಆದರೂ ಅಲ್ಲಿ ಜನರ ನಡುವಿನ ಅಂತರ ಆ ಕಾಲದಲ್ಲಿ ಅಷ್ಟು ದೊಡ್ಡದಾಗಲಿಲ್ಲ. ಉಳುವವನಿಗೆ ಭೂಮಿ ಮೊದಲೇ ಹಂಚಿದ್ದರು, ಅದನ್ನು ಉಳಿಸಿಕೊಂಡರು. ಕೋಸ್ಟರಿಕಾ 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿತು. ಆದರೂ ಅಲ್ಲಿ ಅಸಮಾನತೆ ಈಗಲೂ ದೊಡ್ಡದು. ಹಾಗಾಗಿ ಸೈನ್ಯ ಬೇಡ ಎಂದು ಕೂಗಿದರೆ ಬಡವನಿಗೆ ತಾನಾಗಿ ಏನೂ ಸಿಗುವುದಿಲ್ಲ. ಖರ್ಚು ಮಾಡುವ ರೀತಿಯಲ್ಲಿ ಎಲ್ಲವೂ ಇದೆ. ನಮ್ಮಲ್ಲಿ ಆದದ್ದು ಆ ದೇಶಗಳಿಗೆ ತಿರುವುಮುರುವು. ಭೂಮಿ ಸಿಕ್ಕಿ ಕಾಲೂರುವಷ್ಟರಲ್ಲಿ ರಕ್ಷಣೆಯ ಹೆಸರಲ್ಲಿ ಅದು ಹೋಯಿತು.

ಹೋದದ್ದಕ್ಕೆ ಬದಲಾಗಿ ಕೆಲಸ ಬರುತ್ತದೆ ಎಂದಿದ್ದಿರಿ. ಈಗ ನಡೆಯುತ್ತಿರುವ 2ಎ ಹಂತದಿಂದ 7,000 ನೇರ, 20,000 ಪರೋಕ್ಷ ಉದ್ಯೋಗ ಎಂದು ರಕ್ಷಣಾ ಸಚಿವಾಲಯವೇ ಹೇಳಿದೆ. 2025ರ ಏಪ್ರಿಲ್‌ನಲ್ಲಿ 2,000 ಕೋಟಿಗೂ ಹೆಚ್ಚಿನ ಕಾಮಗಾರಿ ಇಲ್ಲಿ ಉದ್ಘಾಟನೆಯಾಯಿತು. ನಾನು ಮನೆಮನೆಗೆ ಹೋಗುವಾಗ ಕಾಣುವ ಕೆಲಸ ಯಾವುದು ಗೊತ್ತಾ? ಗುತ್ತಿಗೆ ಕೂಲಿ, ಹೌಸ್‌ಕೀಪಿಂಗ್, ಗಾರ್ಡನ್, ಸೆಕ್ಯುರಿಟಿ. ನಮ್ಮ ಪಕ್ಕದ ಮನೆಯ ಹುಡುಗ ಐಟಿಐ ಫಿಟ್ಟರ್. ಗುತ್ತಿಗೆದಾರರ ಕೈಕೆಳಗೆ ಆರು ವರ್ಷ ದುಡಿದ. ಮೂರು ಸಲ ಗುತ್ತಿಗೆದಾರ ಬದಲಾದ, ಮೂರು ಸಲವೂ ಇವನ ಸರ್ವಿಸ್ ಒಂದರಿಂದ ಶುರು. ಕೊನೆಯ ಗುತ್ತಿಗೆದಾರ ಕೈಗೆ ನಗದು ಕೊಡುತ್ತಿದ್ದ, ಸಂಬಳದ ಚೀಟಿ ಇಲ್ಲ, ಪಿಎಫ್ ಕಟ್ಟಿದ್ದಕ್ಕೆ ಕಾಗದ ಇಲ್ಲ. ಈಗ ಅವನು ಗೋವಾಕ್ಕೆ ಹೋಗಿದ್ದಾನೆ. ಅವನ ಅಮ್ಮನ ಪಿಗ್ಮಿ ನಿಂತಿದೆ.

ಸೈನ್ಯಕ್ಕೇ ಸೇರೋಣ ಎಂದರೆ, 2022ರಿಂದ ಅಗ್ನಿಪಥ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ ಕೈಗೆ 21,000. ನಾಲ್ಕು ವರ್ಷದ ಮೇಲೆ ನೂರಕ್ಕೆ 25 ಜನರಷ್ಟೇ ಉಳಿಯುತ್ತಾರೆ. ಉಳಿದವರು ಒಂದು ಮೊತ್ತ ಹಿಡಿದು ಮನೆಗೆ ಬರುತ್ತಾರೆ, ಪಿಂಚಣಿ ಇಲ್ಲ. 2025-26ರ ಬಜೆಟ್ಟಿನಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿ ಇಟ್ಟಿದ್ದರು, ಅದು ಭಾರ ಎಂಬ ಮಾತು ಕೇಳಿದ್ದೇನೆ. ಆದರೆ ಸಂಬಳ ಬಿಟ್ಟರೆ ಇಡೀ ರಕ್ಷಣಾ ಬಜೆಟ್ಟಿನಲ್ಲಿ ಹಳ್ಳಿಯ ಮನೆಗೆ ನೇರವಾಗಿ, ತಿಂಗಳು ತಪ್ಪದೆ ತಲುಪುವ ಹಣ ಅದೇ ಅಲ್ವಾ? 2025ರ ಏಪ್ರಿಲ್‌ನಲ್ಲೇ ಫ್ರಾನ್ಸಿನಿಂದ 26 ರಫೇಲ್ ಮರೀನ್ ವಿಮಾನಕ್ಕೆ ಸುಮಾರು 63 ಸಾವಿರ ಕೋಟಿಯ ಒಪ್ಪಂದ ಆಯಿತು. ವಿಮಾನವಾಹಕ ನೌಕೆಗೆ ವಿಮಾನ ಬೇಕು, ಒಪ್ಪುತ್ತೇನೆ. ಆದರೆ ಉಳಿತಾಯ ಮಾಡಬೇಕಾದಾಗ ಕತ್ತರಿ ಮೊದಲು ಬಿದ್ದದ್ದು ಸಿಪಾಯಿಯ ಪಿಂಚಣಿಗೆ. ಇವತ್ತು ಚೆಂಡಿಯಾದ ಪೇದೆಯ ಮಗನೊಬ್ಬ ಸೇರಿದರೆ, ಏಳು ವರ್ಷದಲ್ಲಿ ಅಧಿಕಾರಿಯಾಗುವುದಿರಲಿ, ಐದನೇ ವರ್ಷಕ್ಕೆ ಅವನು ಮನೆಯಲ್ಲಿರುವ ಸಂಭವವೇ ಜಾಸ್ತಿ.

ಆಸ್ಪತ್ರೆಯ ವಿಷಯವನ್ನೂ ಹೇಳದೆ ಬಿಡಲಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಡೀ ಜಿಲ್ಲೆ ಕೂಗಿತು. ಈಗಲೂ ತಲೆಗೆ ಪೆಟ್ಟಾದರೆ ಗೋವಾ, ಮಣಿಪಾಲ, ಹುಬ್ಬಳ್ಳಿ. ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಚ್‌ಎಸ್ ಪತಂಜಲಿ ಆಸ್ಪತ್ರೆ ಇದೆ. 2020ರಲ್ಲಿ ಕೊರೊನಾ ಬಂದಾಗ ಭಟ್ಕಳದ ರೋಗಿಗಳಿಗೆ ಅಲ್ಲಿಯೇ ಚಿಕಿತ್ಸೆ ಕೊಟ್ಟರು. ಅಲ್ಲಿನ ವೈದ್ಯರಿಗೆ, ನರ್ಸುಗಳಿಗೆ ನಮ್ಮ ಜಿಲ್ಲೆಯ ಋಣ ಇದೆ. ರಕ್ಷಣೆಯ ಹಣ ಊರಿನ ಜೀವ ಉಳಿಸಬಲ್ಲದು ಎಂದು ಆ ದಿನಗಳಲ್ಲಿ ಕಣ್ಣಾರೆ ಕಂಡಿದ್ದೇವೆ.

ಹಾಗಾಗಿ ನನ್ನ ಮೊದಲ ಕೋರಿಕೆ ಪಾಸ್‌ಬುಕ್ಕಿನದು. ದಿನಕ್ಕೆ 20 ರೂಪಾಯಿ ಕಟ್ಟುವವರಿಗೂ ನಾನು ರಸೀದಿ ಕೊಡಲೇಬೇಕು. ದಿನಕ್ಕೆ ತಲೆಗೆ 13 ರೂಪಾಯಿ ಕೊಡುವ ಜನರಿಗೂ ಅದರ ಹಕ್ಕಿದೆ. ಯಾವ ಕ್ಷಿಪಣಿ ಎಲ್ಲಿದೆ ಎಂದು ಯಾರೂ ಕೇಳುತ್ತಿಲ್ಲ. ಪ್ರತಿ ವರ್ಷ ರಕ್ಷಣಾ ಬಜೆಟ್ಟಿನ ಜೊತೆ ಇಷ್ಟು ಹೇಳಿ: ಕಾಯಂ ಕೆಲಸದವರು ಎಷ್ಟು, ಗುತ್ತಿಗೆಯವರು ಎಷ್ಟು, ಅವರ ಕನಿಷ್ಠ ಸಂಬಳ ಎಷ್ಟು, ಯಾವ ಜಿಲ್ಲೆಗೆ ಎಷ್ಟು ಕೆಲಸ ಬಂತು. ಕಾರವಾರದ ಮಟ್ಟಿಗೆ, ನಿರಾಶ್ರಿತ ಕುಟುಂಬಗಳಲ್ಲಿ ಎಷ್ಟು ಜನರಿಗೆ ಕಾಯಂ ನೌಕರಿ ಸಿಕ್ಕಿದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಪಂಚಾಯ್ತಿ ಬೋರ್ಡಿಗೆ ಹಾಕಿಸಿ. 7,000 ಎಂದು ನೀವೇ ಹೇಳಿದ ಲೆಕ್ಕದಲ್ಲಿ ಮೊದಲ ಪಾಲು ಅವರಿಗೆ ಬರೆದು ಇಡಿ. ಮಕ್ಕಳಿಗೆ ಇಲ್ಲಿಯೇ ಹಡಗು ರಿಪೇರಿ, ವೆಲ್ಡಿಂಗ್, ಎಲೆಕ್ಟ್ರಿಕಲ್ ತರಬೇತಿ ಕೊಟ್ಟು ನಂತರ ಕೆಲಸಕ್ಕೆ ತೆಗೆದುಕೊಳ್ಳಿ. ಅರ್ಹತೆ ಇಲ್ಲ ಎಂಬ ಮಾತು ಆಗ ಬರುವುದಿಲ್ಲ.

ಗುತ್ತಿಗೆದಾರರು ಕೂಲಿಯನ್ನು ಬ್ಯಾಂಕ್ ಖಾತೆಗೇ ಹಾಕಬೇಕು, ಪಿಎಫ್ ಚೀಟಿ ಕೊಡಬೇಕು, ಗುತ್ತಿಗೆದಾರ ಬದಲಾದರೂ ಕೆಲಸಗಾರನ ಸರ್ವಿಸ್ ಮುಂದುವರಿಯಬೇಕು. ಇದನ್ನು ಟೆಂಡರಿನ ಷರತ್ತು ಮಾಡಿ. ನೌಕಾನೆಲೆಯ ಸುತ್ತಲಿನ ನೀರಿಗೆ ಹೋಗಲಾರದ ದೋಣಿಗಳಿಗೆ ವರ್ಷ ವರ್ಷ ನಷ್ಟ ತುಂಬಿಕೊಡುವ ದಾರಿ ಹುಡುಕಿ. ಅಪಘಾತ, ಹೃದಯಾಘಾತದಂಥ ತುರ್ತು ಹೊತ್ತಿನಲ್ಲಿ ಪತಂಜಲಿ ಆಸ್ಪತ್ರೆಯ ಬಾಗಿಲು ನಮಗೂ ತೆರೆಯುವಂತೆ ಜಿಲ್ಲಾಡಳಿತದ ಜೊತೆ ಒಪ್ಪಂದ ಮಾಡಿಕೊಳ್ಳಿ. ಅಗ್ನಿವೀರರಲ್ಲಿ ಉಳಿಸಿಕೊಳ್ಳುವವರ ಪ್ರಮಾಣವನ್ನು 25ರಿಂದ ಮೇಲೆ ತನ್ನಿ. ಹಣಕಾಸು ಸಚಿವರಲ್ಲಿ ಒಂದೇ ವಿನಂತಿ: ರಕ್ಷಣೆಗೆ ಇನ್ನೂ ಹಣ ಬೇಕಾದಾಗ ಮೊದಲು ಮೇಲಿನ ನೂರಕ್ಕೆ ಒಬ್ಬರ ಬಾಗಿಲು ತಟ್ಟಿ, ಮೀನಿನ ಬುಟ್ಟಿ ಹೊತ್ತವಳ ಬಾಗಿಲನ್ನಲ್ಲ.

ಉತ್ತರ ಬರೆಯುವುದಾದರೆ ದಯವಿಟ್ಟು ಕನ್ನಡದಲ್ಲಿ ಬರೆಯಿರಿ. ಕಾಲೊನಿಯ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಓದಿ ಹೇಳುತ್ತೇನೆ. ಅಜ್ಜಿ ಅದನ್ನೂ ಆ ಗಂಟಿನಲ್ಲಿ ಕಟ್ಟಿಡುತ್ತೇನೆ ಎಂದಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪಿಗ್ಮಿ ಏಜೆಂಟ್,
ಕಾರವಾರ, ಉತ್ತರ ಕನ್ನಡ ಜಿಲ್ಲೆ